ಬೆಲೆ ಕೊಡದೆ ಬಿಟ್ಟದ್ದು

ಪರದೆಯ ಮೇಲಿನ ಹಳದಿ ಸಾಲನ್ನು ಇಂಜಿನಿಯರ್ ಮೂರನೇ ಸಲ ಓದಿದ. ‘ಬೆಲೆ ಕೊಡದೆಯೇ ಈ ವೇರಿಯಬಲ್ ಬಳಸಲಾಗಿದೆ.’ ಕಿವಿ ಬಿಸಿಯಾಯಿತು.

ಲಿಫ್ಟ್ ನಡೆಸುವ ಬೋರ್ಡಿಗೆ ಕರೆಂಟು ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ ಬೂಟ್‌ಲೋಡರ್ ಪ್ರೋಗ್ರಾಂ ಅದು. ಸಿ ಭಾಷೆಯಲ್ಲಿ ಅವನೇ ಬರೆದದ್ದು. ಅದರಲ್ಲಿ ಅಂಕಿ ತುಂಬಿಡುವ ಒಂದು ವೇರಿಯಬಲ್‌ಗೆ ಹೆಸರಿಟ್ಟವನು ಆರಂಭದ ಬೆಲೆ ಕೊಡುವುದನ್ನೇ ಮರೆತಿದ್ದ. ಮೆಮೊರಿಯಲ್ಲಿ ಯಾವ ಹಳೇ ಕಸ ಬಿದ್ದಿತ್ತೋ ಅದನ್ನೇ ಅಪ್ಪಣೆಯೆಂದು ನಂಬಿ ಬೋರ್ಡು ಒಮ್ಮೊಮ್ಮೆ ಕಲ್ಲಿನಂತೆ ಕೂತುಬಿಡುತ್ತಿತ್ತು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಚ್ಚರಿಸದೇ ಇರಲಿಲ್ಲ. ದಿನಾ ಇದರದ್ದೊಂದು ಕಿರಿಕಿರಿ ಎಂದು ವಾರ್ನಿಂಗ್‌ಗಳ ಬಾಯಿ ಮುಚ್ಚಿಸಿದವನೂ ಅವನೇ. ಇವತ್ತು ಬೇರೆ ದಾರಿ ಕಾಣದೆ ಆ ಬಾಯಿಯನ್ನು ಮತ್ತೆ ಬಿಚ್ಚಿಸಿದ್ದ.

ತಿಂಗಳ ಹಿಂದೆ ಬೋರ್ಡಿಗೆ ಬಿಡಿಭಾಗ ಬೆಸೆಯುವ, ಸೋಲ್ಡರಿಂಗ್ ಕೆಲಸದ ಅಕ್ಕ ಬಂದು ಹೇಳಿದ್ದಳು: “ಸಾರ್, ಬೆಳಿಗ್ಗೆ ಮೊದಲ ಸಲ ಹಾಕಿದಾಗ ಬೋರ್ಡ್ ಏಳಲ್ಲ. ತಕ್ಷಣ ಆಫ್ ಮಾಡಿ ಹಾಕಿದ್ರೆ ಏಳುತ್ತೆ. ಸೋಲ್ಡರಿಂಗ್ ಕೆಟ್ಟಿದ್ರೆ ಹೀಗಾಗುತ್ತಾ?”

“ನನಗೆ ಪಾಠ ಹೇಳೋಕೆ ಬರಬೇಡಿ. ಮೊದ್ಲು ನಿಮ್ಮ ಕೈ ನೆಟ್ಟಗಿದೆಯಾ ನೋಡ್ಕೊಳ್ಳಿ!” ಇಡೀ ಶೆಡ್ಡಿಗೆ ಕೇಳುವಂತೆ ಗದರಿದ್ದ. ಹದಿನಾರು ವರ್ಷ ಸೋಲ್ಡರಿಂಗ್ ಮಾಡಿದ ಕೈಗೆ ಮಾರನೇ ದಿನ ಪ್ಯಾಕಿಂಗ್ ಟೇಪು ಬಂತು.

ಈಗ ಅವನು ಆ ವೇರಿಯಬಲ್‌ಗೆ ಸೊನ್ನೆ ಕೊಟ್ಟ. ಕರೆಂಟಿಲ್ಲದೆ ತಣ್ಣಗಿದ್ದ ಬೋರ್ಡುಗಳೆಲ್ಲ ಒಂದೂ ತಪ್ಪದೆ ಎದ್ದವು. ಇನ್ನು ಮುಂದೆ ಒಂದೇ ಒಂದು ವಾರ್ನಿಂಗ್ ಇದ್ದರೂ ಕೋಡ್ ತಯಾರಾಗದಂತೆ ಬಿಗಿ ಮಾಡಿದ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಕೊನೆಗೆ ಅಕ್ಕನನ್ನು ತನ್ನ ಕೋಣೆಗೆ ಕರೆಸಿ ಬಾಗಿಲು ಹಾಕಿಕೊಂಡ.

“ತಪ್ಪು ನಂದೇ ಅಕ್ಕ. ನಿಮ್ಮ ಕೆಲಸದಲ್ಲಿ ಏನೂ ಊನ ಇರ್ಲಿಲ್ಲ. ನಾಳೆಯಿಂದ ನಿಮ್ಮ ಜಾಗಕ್ಕೇ ಬಂದ್ಬಿಡಿ.”

ಅವಳು ಬೆರಳಿಗಂಟಿದ್ದ ಟೇಪಿನ ಚೂರನ್ನು ನಿಧಾನವಾಗಿ ಬಿಡಿಸಿದಳು.

“ಬರ್ತೀನಿ ಸಾರ್. ಆದ್ರೆ ಬೈಯುವಾಗ ಎಲ್ಲರ ಮುಂದೆ ಬೈದ್ರಿ. ಇದನ್ನ ಹೇಳೋಕೆ ಬಾಗಿಲು ಯಾಕೆ ಹಾಕಿದ್ರಿ?”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಎದ್ದು ಬಾಗಿಲು ತೆರೆದ. ಶೆಡ್ಡಿನ ನಡುವೆ ಹೋಗಿ ನಿಂತ. ಮೂವತ್ತು ಮುಖಗಳು ಅವನತ್ತ ತಿರುಗಿದವು.

“ಅಕ್ಕನ ಕೈಯಲ್ಲಿ... ತಪ್ಪಿರ್ಲಿಲ್ಲ...” ನೆಲ ನೋಡುತ್ತ ಗೊಣಗಿದ.

ಬೆನ್ನ ಹಿಂದಿನಿಂದ ಅವಳ ದನಿ ಬಂತು: “ಸ್ವಲ್ಪ ಜೋರಾಗಿ ಸಾರ್. ಕೊನೇ ಸಾಲಿನವರಿಗೆ ಕೇಳಿಸ್ತಿಲ್ಲ.”