ಚಪ್ಪಲಿಯ ದೂರು

ಬಸ್ಸುಗಳು ಕತೆ ಕೇಳಿಯೇ ಓಡತೊಡಗಿ ಹನ್ನೆರಡು ವರ್ಷವಾಗಿತ್ತು. ಕಂಡಕ್ಟರ್ ನೀಲವ್ವ ಟಿಕೆಟ್ಟಿನ ಬದಲು ಚೀಟಿ ಹಂಚುತ್ತಿದ್ದಳು. ಅದರಲ್ಲಿನ ಪ್ರಶ್ನೆಗೆ ಯಾರಾದರೂ ಹೊಸದೊಂದು ಕತೆ ಕಟ್ಟಿ ಹೇಳಿದರೆ ಗಾಲಿ ಉರುಳುತ್ತಿತ್ತು.

ಇವತ್ತು ದವಾಖಾನೆಯ ಏರಿನ ನಡುವೆ ಸರದಿ ಬಂದದ್ದು ಹೂಗಾರ ಮಾಸ್ತರರಿಗೆ. ನಲವತ್ತು ವರ್ಷ ಗಣಿತ ಕಲಿಸಿದವರು. ಚೀಟಿ ಓದಿ ಹುಬ್ಬು ಗಂಟಿಕ್ಕಿದರು: ‘ನಿಮ್ಮ ಚಪ್ಪಲಿಗೆ ನಿಮ್ಮ ಮೇಲೆ ಏನು ದೂರು?’

“ಚಪ್ಪಲಿ ಮಾತಾಡೂದಿಲ್ಲವ್ವಾ,” ಎಂದರು.

ಬಸ್ಸು ಗಕ್ಕನೆ ನಿಂತಿತು.

“ಸುಳ್ಳಾದ್ರೂ ಹೇಳ್ರಿ ಸರ, ಇಲ್ಲಾಂದ್ರ ಎಲ್ಲಾರೂ ಇಳದು ನೂಕಬೇಕಾಗ್ತೈತಿ,” ಎಂದಳು ನೀಲವ್ವ.

ಮಾಸ್ತರರು ಬಗ್ಗಿ ತಮ್ಮ ಚಪ್ಪಲಿಯ ಧೂಳು ಒರೆಸಿದರು. “ಅದು ಹೇಳ್ತೈತಿ... ಈ ಮುದುಕ ದವಾಖಾನಿಗೆ ಹೋಗುವಾಗ ಓಡ್ತಾನ, ಬರುವಾಗ ನನ್ನ ಎಳಕೊಂಡು ಬರ್ತಾನ. ಅಲ್ಲಿ ಏನ್ ಬಿಟ್ಟು ಬರ್ತಾನೋ, ಒಂದಿನಾನೂ ನನಗ ಹೇಳಿಲ್ಲ ಅಂತ.”

ಬಸ್ಸು ಏರನ್ನು ಒಂದೇ ಉಸಿರಿಗೆ ಹತ್ತಿತು.

ದವಾಖಾನೆಯ ಮುಂದೆ ಇಳಿಯುವಾಗ ಮಾಸ್ತರರು ಕೈ ಚಾಚಿದರು. “ಇನ್ನೊಂದು ಚೀಟಿ ಕೊಡವಾ. ಆಪರೇಶನ್ ಆದಾಗಿಂದ ನಮ್ಮಾಕಿ ಒಂದ್ ಮಾತೂ ಆಡಿಲ್ಲ.”

ನೀಲವ್ವ ಚೀಲಕ್ಕೆ ಕೈ ಹಾಕಲಿಲ್ಲ. ಪೆನ್ನು ತೆಗೆದು ಹೊಸದನ್ನೇ ಬರೆದಳು: ‘ಅವ್ವಾರ, ನಿಮ್ಮ ಯಜಮಾನರ ಮ್ಯಾಲೆ ಅವರ ಚಪ್ಪಲಿ ದೂರು ಕೊಟ್ಟೈತಿ. ನಿಮ್ಮ ತೀರ್ಪೇನು?’