ಹಾರ ಹಾಕಿದ ಫೋಟೊ

ಚನ್ನವೀರಪ್ಪ ತಮ್ಮ ಪಾತ್ರೆ ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಎಂಟು ತಿಂಗಳು ಬಾಣಲೆ, ಕುಕ್ಕರ್‌ಗಳ ಚಿತ್ರ ಹಾಕಿದರು. ಬಂದದ್ದು ಮೂರು ಲೈಕು. ಅದರಲ್ಲಿ ಒಂದು ಅವರದೇ.

“ಜನ ನಿಂತು ನೋಡೋದು ಮದುವೆ, ಸಾವು ಎರಡನ್ನೇ ಸರ್,” ಎಂದಳು ಪ್ರಚಾರದ ಸಲಹೆಗಾರ್ತಿ.

“ನಂದು ಮದುವೆಯಾಗಿ ಮೂವತ್ತು ವರ್ಷ ಆಯ್ತಲ್ಲಮ್ಮ.”

“ಹಾಗಾದ್ರೆ ಇನ್ನೊಂದನ್ನ ಹಾಕೋಣ.”

ಅವರ ಫೋಟೊಗೆ ಹಾರ ಬಿತ್ತು; ಕೆಳಗೆ ಅಂಗಡಿಯ ವಿಳಾಸ. ಸಂಜೆಯೊಳಗೆ ಒಂಬತ್ತು ಸಾವಿರ ‘ಓಂ ಶಾಂತಿ’.

ಮರುದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್ನು ಸಾಕು, ಬದುಕಿದ್ದೇನೆಂದು ಹೇಳಿಬಿಡೋಣವೆಂದು ಅವರು ಬಾಯಿ ತೆರೆಯುವಷ್ಟರಲ್ಲಿ, ಎರಡು ಬಾಣಲೆ ಹಿಡಿದಿದ್ದ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡಳು.

“ಥೇಟ್ ಅವರದೇ ಮುಖ. ನೀವು ತಮ್ಮನೇನಪ್ಪ?”

ಚನ್ನವೀರಪ್ಪ ಬಾಣಲೆಗಳನ್ನೊಮ್ಮೆ ನೋಡಿದರು.

“ಹೌದಮ್ಮ,” ಎಂದು ಇಡ್ಲಿ ಪಾತ್ರೆಯೊಂದನ್ನು ಅವಳ ಮುಂದಿಟ್ಟರು. “ಅಣ್ಣಂಗೆ ಇದು ಅಂದ್ರೆ ಪ್ರಾಣ.”