ಸ್ಥಳಾಂತರದ ಚೀಟಿ

ಶನಿವಾರ ಬೆಳಿಗ್ಗೆ ಹತ್ತಾದರೂ ನನ್ನ ಮನೆ ಎಳೆಯಲು ಒಬ್ಬನೂ ಬರಲಿಲ್ಲ. ನಮ್ಮ ಚಿಲೊಯೆ ದ್ವೀಪದಲ್ಲಿ ಬೇರೆ ಜಾಗಕ್ಕೆ ಹೋಗುವವರು ಮರದ ಮನೆಯನ್ನೇ ದಿಮ್ಮಿಗಳ ಮೇಲೆ ಕೂರಿಸಿ, ಎತ್ತು ಕಟ್ಟಿ ಎಳೆಸುತ್ತಾರೆ. ಊರವರು ಹಗ್ಗ ಹಿಡಿಯುತ್ತಾರೆ, ಮನೆಯವರು ಊಟ ಹಾಕುತ್ತಾರೆ. ನಾನು ಎರಡು ಕುರಿ ಕಡಿಸಿದ್ದೆ, ಒಂದು ಮೂಟೆ ಆಲೂಗಡ್ಡೆ ಬೇಯಿಸಿದ್ದೆ. ಹಿತ್ತಿಲ ಅಂಚಿಗೆ ಬಂದಿದ್ದ ಸಮುದ್ರ ಮಾತ್ರ ಕರೆಯದೇ ಹಾಜರಿತ್ತು. ಇನ್ನೊಂದು ಚಳಿಗಾಲ ಕಳೆದರೆ ಅಡುಗೆಮನೆ ಅದರ ಪಾಲು.

"ಯಾರನ್ನ ಕರೆದಿದ್ರಿ, ಮೇಷ್ಟ್ರೇ?" ಪಕ್ಕದ ಮನೆಯ ಒರ್ಫೆಲಿನಾ ಅಜ್ಜಿ ಬೇಲಿಯಾಚೆಯಿಂದ ಕೇಳಿದಳು.

"ಇಡೀ ಊರನ್ನ! ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ನಲ್ಲ, ಓದ್ಲಿಲ್ವಾ?"

"ಓದಿದ್ವಪ್ಪ. 'ಸ್ಥಳಾಂತರ' ಅಂತ ದಪ್ಪಕ್ಷರದಲ್ಲಿ ಬರ್ದು, ಕೆಳಗೆ ಅದರ ಅರ್ಥಾನೂ ಕೊಟ್ಟಿದ್ರಿ. 'ಒಂದು ಸ್ಥಳವನ್ನು ತೊರೆದು ಇನ್ನೊಂದಕ್ಕೆ ತೆರಳುವುದು'. ತೆರಳೋರು ತೆರಳ್ಲಿ ಅಂತ ಸುಮ್ಮನಾದ್ವಿ. ಮನೆಮನೆಗೂ ಹೋಗಿ, ಒಲೆ ಮುಂದೆ ಕೂತು, ಬಾಯಿಬಿಟ್ಟು ಕೇಳ್ಕೋಬೇಕು. ಸಾಂಟಿಯಾಗೊ ಪಟ್ಟಣದಿಂದ ಬಂದು ಹದಿನೆಂಟು ವರ್ಷ ಆಯ್ತು, ಇಷ್ಟೂ ತಿಳೀಲಿಲ್ವಾ?"

ಭಾಷೆ ಕಲಿಸುವ ಮೇಷ್ಟರು ನಾನು. ಪದಗಳ ಅರ್ಥ ಮತ್ತು ಬಳಕೆ ತಪ್ಪಿದರೆ ಮಕ್ಕಳ ಅಂಕ ಕತ್ತರಿಸುವವನು. ತಲೆ ತಗ್ಗಿಸಿಕೊಂಡು ರೊಸಾಮೆಲ್ ಚಿಗ್ವಾಯ್ ಮನೆಗೆ ಹೋದೆ. ಊರಲ್ಲಿ ಅವನ ಎತ್ತುಗಳಷ್ಟು ಗಟ್ಟಿ ಜೋಡಿ ಇನ್ನೊಂದಿರಲಿಲ್ಲ. ಅವನು ಒಲೆ ಮುಂದೆ ಮಣೆ ಹಾಕಿದ. ನಾನು ಭಾಷಣ ಶುರುಮಾಡಿದೆ.

"ಅದೆಲ್ಲ ಬಿಡಿ ಮೇಷ್ಟ್ರೇ, ಏನ್ ಬೇಕು ಹೇಳಿ" ಅಂದ.

"ನನ್ನ ಮನೆ ಸಮುದ್ರಕ್ಕೆ ಬೀಳುತ್ತೆ ರೊಸಾಮೆಲಣ್ಣ. ದಮ್ಮಯ್ಯ, ಬಂದು ಎಳ್ಕೊಡಿ." ಇಷ್ಟು ವರ್ಷದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ ನಾನು. ಅದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ.

"ಬರ್ತೀನಿ. ನಾಳೆ ಹೊತ್ತು ಹುಟ್ಟೋ ಮುಂಚೆ ಎತ್ತು ಹೊಡ್ಕೊಂಡು ಬರ್ತೀನಿ."

"ಇನ್ನು ಯಾರ್ಯಾರ ಮನೆಗೆ ಹೋಗ್ಬೇಕು?"

ರೊಸಾಮೆಲ್ ಎದ್ದು ಗೋಡೆಯ ಮೇಲಿನ ಫೋಟೊ ತೆಗೆದು ನನ್ನ ತೊಡೆಯ ಮೇಲಿಟ್ಟ. ಅವನ ಮನೆ ಎಳೆದ ದಿನ ನಾನೇ ತೆಗೆದು, ಚೌಕಟ್ಟು ಹಾಕಿಸಿ ಕೊಟ್ಟಿದ್ದು.

"ಇದ್ರಲ್ಲಿರೋರೆಲ್ಲರ ಮನೆಗೂ ಹೋಗಿ."

ನೋಡಿದೆ. ಎಂಬತ್ತು ದಾಟಿದ ಒರ್ಫೆಲಿನಾ ಅಜ್ಜಿ, ತುಂಬು ಗರ್ಭಿಣಿ ಅಂಚೆಯಮ್ಮ, ಕೈಗೆ ಪಟ್ಟಿ ಸುತ್ತಿದ್ದ ಬಡಗಿ. ಇಡೀ ಊರು ಹಗ್ಗ ಹಿಡಿದು ನಿಂತಿತ್ತು. ಇಲ್ಲದವನು ನಾನೊಬ್ಬನೇ.